ತೀವ್ರ ನೀರಿನ ಕೊರತೆ ದೇಹದಲ್ಲಿ ಉಳಿಸಿಹೋಗುವ ತೊಂದರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಬ್ಬಿನ ಗದ್ದೆಯಲ್ಲಿ ಬಿಸಿಲಿಗೆ ಕುಸಿದುಬಿದ್ದ ಕೂಲಿಯಾಳು, ವಾಂತಿಭೇದಿಯಿಂದ ಸೊರಗಿದ ಮಗು, ಪಥ್ಯವೆಂದು ನೀರು ಕೊಡದೆ ಇಟ್ಟಿದ್ದ ಬಾಣಂತಿ, ಬಾಯಾರಿಕೆಯ ಅರಿವೇ ಮಂಕಾದ ಹಿರಿಯರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮನೆಯವರಲ್ಲಿ ಹುಟ್ಟುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದರಿಂದ ಉದಾಹರಣೆಗಳು ಹೆಚ್ಚಾಗಿ ಈ ಸೀಮೆಯವೇ ಆಗಿವೆ. ಜೀವ ಉಳಿಯಿತೆಂಬ ನೆಮ್ಮದಿಯಲ್ಲಿ ಮುಂದಿನ ತಪಾಸಣೆಯನ್ನು ಮರೆಯುವುದು ಎಲ್ಲ ಮನೆಗಳಲ್ಲೂ ನಡೆಯುವ ಸಂಗತಿ. ಈ ಬರಹದ ಒತ್ತು ಇರುವುದು ಅಲ್ಲಿಯೇ.

ದೇಹದಲ್ಲಿ ಎಷ್ಟು ನೀರು ಕಡಿಮೆಯಾದರೆ ಅದನ್ನು ತೀವ್ರ ಕೊರತೆ ಎನ್ನುತ್ತಾರೆ?

ವಯಸ್ಕ ಗಂಡಸಿನ ತೂಕದಲ್ಲಿ ಸುಮಾರು ಶೇಕಡ 60 ಭಾಗ ನೀರಿರುತ್ತದೆ. ಹೆಂಗಸರಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ, ವೃದ್ಧರಲ್ಲಿ ಇನ್ನೂ ಕಡಿಮೆ, ಆಗತಾನೆ ಹುಟ್ಟಿದ ಕೂಸಿನಲ್ಲಿ ಸುಮಾರು ಶೇಕಡ 75 ಭಾಗ. ತೂಕದ ಶೇಕಡ 1ರಿಂದ 2ರಷ್ಟು ನೀರು ಹೋದಾಗ ಬಾಯಾರಿಕೆ ಕಾಣಿಸಿಕೊಳ್ಳುತ್ತದೆ. ಶೇಕಡ 5ರ ಹೊತ್ತಿಗೆ ತಲೆನೋವು, ಸುಸ್ತು, ಎದ್ದುನಿಂತರೆ ಕಣ್ಣು ಕತ್ತಲೆ ಬರುವುದು ಆರಂಭವಾಗುತ್ತದೆ. ಶೇಕಡ 10ನ್ನು ದಾಟಿದರೆ ಅದು ಜೀವಕ್ಕೆ ಅಪಾಯದ ಸ್ಥಿತಿ. 60 ಕಿಲೊ ತೂಕದ ವ್ಯಕ್ತಿಗೆ ಈ ಶೇಕಡ 10 ಎಂದರೆ 6 ಲೀಟರ್. 4 ಕಿಲೊ ತೂಕದ ಕೂಸಿಗೆ ಕೇವಲ 400 ಮಿಲಿಲೀಟರ್. ದೊಡ್ಡವರು ದಿನವಿಡೀ ತಾಳಿಕೊಳ್ಳುವ ಭೇದಿ ಕೂಸನ್ನು ಕೆಲವೇ ಗಂಟೆಗಳಲ್ಲಿ ನಿತ್ರಾಣಗೊಳಿಸುವುದಕ್ಕೆ ಈ ಲೆಕ್ಕವೇ ಕಾರಣ.

ನೀರಿಲ್ಲದೆ ಮನುಷ್ಯ ಎಷ್ಟು ದಿನ ಬದುಕಬಲ್ಲ?

ಸಾಮಾನ್ಯವಾಗಿ ಮೂರು ದಿನ ಎಂದು ಹೇಳುವ ವಾಡಿಕೆಯಿದೆ. ಅದು ಸ್ಥೂಲವಾದ ಅಂದಾಜು ಮಾತ್ರ. ಉರಿಬಿಸಿಲಿನಲ್ಲಿ ದುಡಿಯುತ್ತಿರುವವನಿಗೆ ಒಂದು ದಿನವೂ ಹೆಚ್ಚಾಗಬಹುದು. ತಂಪಾದ ಜಾಗದಲ್ಲಿ ಅಲುಗಾಡದೆ ಬಿದ್ದುಕೊಂಡಿರುವವನು ಅದಕ್ಕಿಂತ ಬಹಳ ಹೆಚ್ಚು ಕಾಲ ಉಳಿಯಬಹುದು. 1979ರಲ್ಲಿ ಆಸ್ಟ್ರಿಯ ದೇಶದಲ್ಲಿ ಆಂಡ್ರಿಯಾಸ್ ಮಿಹಾವೆಟ್ಸ್ ಎಂಬ 18 ವರ್ಷದ ಯುವಕನನ್ನು ಪೊಲೀಸರು ನೆಲಮಾಳಿಗೆಯ ಕೋಣೆಯಲ್ಲಿ ಕೂಡಿಹಾಕಿ ಮರೆತುಬಿಟ್ಟರು. ಅವನು 18 ದಿನ ಅನ್ನನೀರಿಲ್ಲದೆ ಇದ್ದು ಬದುಕಿ ಹೊರಬಂದ. ಆ ವೇಳೆಗೆ ಸುಮಾರು 24 ಕಿಲೊ ತೂಕ ಇಳಿದಿತ್ತು. ಗೋಡೆಯ ತೇವವನ್ನು ನೆಕ್ಕಿ ಜೀವ ಹಿಡಿದನೆಂದು ಹೇಳುತ್ತಾರೆ. 1994ರಲ್ಲಿ ಸಹಾರಾ ಮರಳುಗಾಡಿನ ಓಟದ ಸ್ಪರ್ಧೆಯ ನಡುವೆ ಮರಳುಬಿರುಗಾಳಿಗೆ ಸಿಕ್ಕಿ ದಾರಿ ತಪ್ಪಿದ ಇಟಲಿಯ ಮಾವ್ರೊ ಪ್ರೊಸ್ಪೆರಿ ಸುಮಾರು ಹತ್ತು ದಿನಗಳ ಬಳಿಕ ಜೀವಂತವಾಗಿ ಸಿಕ್ಕರೂ ಅವರ ಯಕೃತ್ತು ಹಾನಿಗೊಂಡಿತ್ತು, ಪೂರ್ತಿ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಎಷ್ಟು ದಿನ ಬದುಕಬಹುದು ಎಂಬ ಕುತೂಹಲಕ್ಕಿಂತ, ಬದುಕಿದ ಮೇಲೆ ಏನು ಉಳಿಯುತ್ತದೆ ಎಂಬುದು ನಮಗೆ ಹೆಚ್ಚು ಬೇಕಾದ ವಿಷಯ.

ನೀರು ಕುಡಿಸಿ ಬಾಯಾರಿಕೆ ತೀರಿದ ಮೇಲೆ ಎಲ್ಲವೂ ಸರಿಹೋದಂತೆಯೇ ಅಲ್ಲವೇ?

ಬಹುಪಾಲು ಜನರಿಗೆ ಹೌದು. ಒಂದು ದಿನ ನೀರು ಕಡಿಮೆ ಕುಡಿದು ಮರುದಿನ ಸರಿಯಾಗಿ ಕುಡಿದರೆ ಆರೋಗ್ಯವಂತರ ದೇಹದಲ್ಲಿ ಯಾವ ಗುರುತೂ ಉಳಿಯುವುದಿಲ್ಲ. ತೀವ್ರ ಕೊರತೆಯಾದಾಗ, ಅಥವಾ ಮಧ್ಯಮ ಪ್ರಮಾಣದ ಕೊರತೆಯೇ ತಿಂಗಳುಗಟ್ಟಲೆ ದಿನದಿನವೂ ಮರುಕಳಿಸಿದಾಗ ಮಾತು ಬೇರೆಯಾಗುತ್ತದೆ. ಬಾಯಾರಿಕೆ ಎಂಬುದು ರಕ್ತದ ಸಾಂದ್ರತೆಯನ್ನು ಅಳೆದು ಮಿದುಳು ಕೊಡುವ ಸೂಚನೆ. ರಕ್ತ ತಿಳಿಯಾದೊಡನೆ ಆ ಸೂಚನೆ ನಿಂತುಹೋಗುತ್ತದೆ. ಆ ನಡುವೆ ರಕ್ತ ಸಾಲದೆ ಸತ್ತ ಜೀವಕೋಶಗಳ ಲೆಕ್ಕ ಅದರಲ್ಲಿ ಬರುವುದಿಲ್ಲ. ಹಾಗಾಗಿ ರೋಗಿ ಎದ್ದು ಕುಳಿತು, ಮುದ್ದೆ ಉಂಡು, ಲವಲವಿಕೆಯಿಂದ ಮಾತನಾಡುತ್ತಿರುವಾಗಲೂ ಮೂತ್ರಪಿಂಡದಲ್ಲಿ ಗಾಯ ಮಾಯದೆ ಉಳಿದಿರಬಹುದು.

ಮೂತ್ರಪಿಂಡಕ್ಕೆ ಹಾನಿಯಾಗುವುದು ಹೇಗೆ? ಅದು ಶಾಶ್ವತವೇ?

ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಎರಡು ಮೂತ್ರಪಿಂಡಗಳಿಗೇ ಹೋಗುತ್ತದೆ. ನೀರು ಕಡಿಮೆಯಾದಾಗ ಮಿದುಳಿನಿಂದ ವಾಸೋಪ್ರೆಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ, ಮೂತ್ರವನ್ನು ಸಾಧ್ಯವಾದಷ್ಟು ಗಟ್ಟಿ ಮಾಡಿ ನೀರನ್ನು ಉಳಿಸುವಂತೆ ಮೂತ್ರಪಿಂಡಕ್ಕೆ ಅಪ್ಪಣೆ ಕೊಡುತ್ತದೆ. ಎಷ್ಟೇ ಉಳಿತಾಯ ಮಾಡಿದರೂ ದಿನದ ಕಶ್ಮಲವನ್ನು ಹೊರಹಾಕಲು ಸುಮಾರು 500 ಮಿಲಿಲೀಟರ್ ಮೂತ್ರ ಬೇಕೇ ಬೇಕು. ಅದಕ್ಕಿಂತಲೂ ಕಡಿಮೆಯಾದರೆ ಯೂರಿಯಾ, ಕ್ರಿಯಾಟಿನಿನ್ ಎಂಬ ಕಶ್ಮಲಗಳೂ ಪೊಟ್ಯಾಸಿಯಂ ಎಂಬ ಲವಣಾಂಶವೂ ರಕ್ತದಲ್ಲೇ ಉಳಿಯತೊಡಗುತ್ತವೆ.

ಮೊದಲ ಹಂತದಲ್ಲಿ ಮೂತ್ರಪಿಂಡ ಕೆಟ್ಟಿರುವುದಿಲ್ಲ, ಅದಕ್ಕೆ ರಕ್ತ ಸಾಲುತ್ತಿರುವುದಿಲ್ಲ ಅಷ್ಟೆ. ಬೇಗ ನೀರು ತುಂಬಿಸಿದರೆ ಒಂದೆರಡು ದಿನಗಳಲ್ಲಿ ಕ್ರಿಯಾಟಿನಿನ್ ಇಳಿಯುತ್ತದೆ. ತಡವಾದರೆ ಒಳಭಾಗದಲ್ಲಿ ಮೂತ್ರ ಹರಿಯುವ ಸೂಕ್ಷ್ಮ ನಾಳಗಳ ಗೋಡೆಯ ಜೀವಕೋಶಗಳು ಸಾಯತೊಡಗುತ್ತವೆ. ಮೂತ್ರಪಿಂಡದ ಒಳಭಾಗಕ್ಕೆ ಮೊದಲಿನಿಂದಲೂ ಆಮ್ಲಜನಕ ದೊರೆಯುವುದು ಕಡಿಮೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಇಳಿದಾಗ ಮದ್ದೂರು, ಮಳವಳ್ಳಿಯ ಕೊನೆ ಭಾಗದ ಗದ್ದೆಗಳು ಮೊದಲು ಒಣಗುವ ಹಾಗೆ, ರಕ್ತದ ಹರಿವು ಇಳಿದಾಗ ಮೊದಲು ಬಾಡುವುದು ಈ ಒಳಭಾಗ. ಈ ಹಂತದಲ್ಲಿ ಕೆಲವರಿಗೆ ತಾತ್ಕಾಲಿಕವಾಗಿ ಡಯಾಲಿಸಿಸ್ ಬೇಕಾಗುತ್ತದೆ. ನಾಳಗಳ ಜೀವಕೋಶಗಳು ಮರುಹುಟ್ಟು ಪಡೆಯಬಲ್ಲವಾದ್ದರಿಂದ ಹಲವರು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಒಂದೊಂದು ಮೂತ್ರಪಿಂಡದಲ್ಲೂ ಇರುವ ಸುಮಾರು ಹತ್ತು ಲಕ್ಷ ನೆಫ್ರಾನುಗಳಲ್ಲಿ, ಅಂದರೆ ರಕ್ತವನ್ನು ಸೋಸುವ ಸೂಕ್ಷ್ಮ ಘಟಕಗಳಲ್ಲಿ, ಪೂರ್ತಿ ನಾಶವಾದವು ಹುಟ್ಟಿ ಬರುವುದಿಲ್ಲ. ಆ ಜಾಗದಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ, ಉಳಿದ ನೆಫ್ರಾನುಗಳು ಹೆಚ್ಚಿನ ಹೊರೆ ಹೊತ್ತು ವರ್ಷಗಳ ಮೇಲೆ ತಾವೂ ಸವೆಯುತ್ತವೆ. ಒಮ್ಮೆ ಇಂಥ ಪೆಟ್ಟು ತಿಂದವರಿಗೆ ಮುಂದೆ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಬರುವ ಸಂಭವ ಉಳಿದವರಿಗಿಂತ ಹೆಚ್ಚು ಎಂಬುದು ಖಚಿತವಾಗಿದೆ. ಪೆಟ್ಟು ಬಿದ್ದ ನಂತರ ಮೂರು ತಿಂಗಳು ಕಳೆದರೂ ಮೂತ್ರಪಿಂಡದ ಕೆಲಸದಲ್ಲಿ ಕೊರತೆ ಉಳಿದಿದ್ದರೆ ವೈದ್ಯರು ಅದನ್ನು ದೀರ್ಘಕಾಲದ ಕಾಯಿಲೆಯೆಂದು ಪರಿಗಣಿಸುತ್ತಾರೆ.

ಕಬ್ಬು ಕಡಿಯುವವರಿಗೆ ಕಿಡ್ನಿ ಕಾಯಿಲೆ ಬರುತ್ತದೆ ಎಂದು ಕೇಳಿದ್ದೇವೆ. ಅದು ನಿಜವೇ?

ಮಧ್ಯ ಅಮೆರಿಕದ ಮಟ್ಟಿಗೆ ಹೇಳುವುದಾದರೆ ನಿಜ. ಎಲ್ ಸಾಲ್ವಡಾರ್ ದೇಶದ ವೈದ್ಯರು 2002ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದರು: ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದ ಗಂಡಸರು, ಹೆಚ್ಚಿನವರು ಕೃಷಿ ಕೂಲಿಗಳು, ಮೂತ್ರಪಿಂಡ ವೈಫಲ್ಯಕ್ಕೆ ತುತ್ತಾಗುತ್ತಿದ್ದರು. ನಿಕರಾಗುವಾ ದೇಶದಲ್ಲೂ ಇದೇ ಚಿತ್ರ ಕಂಡುಬಂತು. ಕರಾವಳಿಯ ಬಿಸಿ ಬಯಲಿನಲ್ಲಿ ಕಬ್ಬು ಕಡಿಯುವವರಲ್ಲಿ ಕಾಯಿಲೆ ಹೆಚ್ಚು, ಬೆಟ್ಟದ ತಂಪಿನಲ್ಲಿ ಕಾಫಿ ಬೆಳೆಯುವವರಲ್ಲಿ ಕಡಿಮೆ. ಇದೇ ಬಗೆಯ ಕಾಯಿಲೆ ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತ್ಯದಲ್ಲೂ ನಮ್ಮ ನೆರೆಯ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲೂ ಇದೆ. ಕೀಟನಾಶಕ, ಭಾರಲೋಹ, ಕುಡಿಯುವ ನೀರಿನ ಗುಣ ಇವೆಲ್ಲವೂ ಚರ್ಚೆಯಲ್ಲಿವೆ. ಕಬ್ಬಿನ ಕೂಲಿಗಳ ವಿಷಯದಲ್ಲಿ ಹೆಚ್ಚು ಬಲವಾಗಿ ನಿಂತಿರುವ ವಿವರಣೆ ಎಂದರೆ ದಿನದಿನವೂ ಮರುಕಳಿಸುವ ಬಿಸಿ ಮತ್ತು ನೀರಿನ ಕೊರತೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಬೆವರು ಸುರಿಸಿ, ಮೂತ್ರ ಗಟ್ಟಿಯಾಗಿ, ಯೂರಿಕ್ ಆಮ್ಲದ ಹರಳುಗಳು ನಾಳಗಳಲ್ಲಿ ಕಟ್ಟಿ, ಸಂಜೆ ನೀರು ಕುಡಿದು ಸುಧಾರಿಸಿಕೊಂಡು, ಮರುದಿನ ಮತ್ತೆ ಅದೇ ದುಡಿಮೆಗೆ ಇಳಿಯುವುದು: ಒಂದೊಂದು ದಿನದ ಪೆಟ್ಟು ಸಣ್ಣದಾದರೂ ಹಂಗಾಮುಗಳು ಕಳೆದಂತೆ ಮೊತ್ತ ದೊಡ್ಡದಾಗುತ್ತದೆ. ನಿಕರಾಗುವಾದ ಒಂದು ಸಕ್ಕರೆ ಕಾರ್ಖಾನೆ ಕಟಾವಿನವರಿಗೆ ನೀರು, ನೆರಳು ಮತ್ತು ಕಡ್ಡಾಯ ವಿಶ್ರಾಂತಿಯನ್ನು ಹೆಚ್ಚಿಸಿದಾಗ ಆ ಹಂಗಾಮಿನಲ್ಲಿ ಮೂತ್ರಪಿಂಡದ ಪೆಟ್ಟುಗಳು ಕಡಿಮೆಯಾದದ್ದು ಈ ವಿವರಣೆಗೆ ಸಿಕ್ಕ ಒಳ್ಳೆಯ ಪುಷ್ಟಿ.

ಮಂಡ್ಯಕ್ಕೂ ಅದೇ ಕಾಯಿಲೆ ಕಾಲಿಟ್ಟಿದೆ ಎಂದು ಇಲ್ಲಿ ಹೇಳುತ್ತಿಲ್ಲ. ಆದರೆ 1933ರಲ್ಲಿ ಮೈಶುಗರ್ ಕಾರ್ಖಾನೆ ಆರಂಭವಾದಾಗಿನಿಂದ ಸಕ್ಕರೆಯ ನಾಡೆಂದೇ ಹೆಸರಾದ ಈ ಜಿಲ್ಲೆಯಲ್ಲಿ ಕಟಾವಿನ ಕೆಲಸದ ರೀತಿ ಅಲ್ಲಿಗಿಂತ ಬಹಳ ಬೇರೆಯೇನೂ ಅಲ್ಲ. ಬೇರೆ ಜಿಲ್ಲೆಗಳಿಂದ ಬಂದು, ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿಕೊಂಡು, ಕಡಿದ ಟನ್ನಿನ ಲೆಕ್ಕದಲ್ಲಿ ಕೂಲಿ ಪಡೆಯುವ ಆಳಿಗೆ ನೆರಳಿನಲ್ಲಿ ಕುಳಿತ ಪ್ರತಿ ಗಳಿಗೆಯೂ ನಷ್ಟವೇ. ಗದ್ದೆಯ ಯಜಮಾನರು ಮತ್ತು ಮೇಸ್ತ್ರಿಗಳು ಇದನ್ನು ಆಳಿನ ಎಚ್ಚರಕ್ಕೆ ಬಿಟ್ಟುಬಿಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕುಡಿಯುವ ನೀರಿನ ಕ್ಯಾನು ಕಟಾವು ನಡೆಯುವ ಸಾಲಿನ ಬಳಿಯೇ ಇರಬೇಕು, ದೂರದ ಪಂಪ್‌ಸೆಟ್ ಮನೆಯಲ್ಲಲ್ಲ. ಹೊತ್ತು ಏರುವ ಮೊದಲೇ ಕೆಲಸ ಶುರುಮಾಡಿ ನಡುಹಗಲಿನಲ್ಲಿ ನಿಲ್ಲಿಸುವ ವ್ಯವಸ್ಥೆಯನ್ನು ಕೂಲಿ ಕಡಿತವಿಲ್ಲದೆ ಮಾಡಬೇಕು.

ಮೈಕೈ ನೋವಿಗೆ ಮಾತ್ರೆ ನುಂಗಿ ಕೆಲಸಕ್ಕೆ ಹೋಗುವುದರಿಂದ ತೊಂದರೆಯಿದೆಯೇ?

ಇದೆ, ಸಾಕಷ್ಟು ಇದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದ ನೋವಿನ ಮಾತ್ರೆಗಳು ಮೂತ್ರಪಿಂಡದ ರಕ್ತನಾಳಗಳನ್ನು ಹಿಗ್ಗಿಸಿಡುವ ರಾಸಾಯನಿಕವನ್ನು ತಡೆಯುತ್ತವೆ. ದೇಹದಲ್ಲಿ ನೀರು ಸಾಕಷ್ಟಿದ್ದಾಗ ಇದು ಅಷ್ಟಾಗಿ ತಟ್ಟುವುದಿಲ್ಲ. ನೀರು ಕಡಿಮೆಯಾಗಿ ಮೂತ್ರಪಿಂಡ ಆ ರಾಸಾಯನಿಕವನ್ನೇ ನೆಚ್ಚಿಕೊಂಡಿರುವ ಹೊತ್ತಿನಲ್ಲಿ ಮಾತ್ರೆ ನುಂಗಿದರೆ ಇದ್ದ ಅಲ್ಪಸ್ವಲ್ಪ ರಕ್ತದ ಹರಿವೂ ತಗ್ಗುತ್ತದೆ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಪೊಟ್ಟಣ ಕಟ್ಟಿಸಿಕೊಳ್ಳುವ ಅಭ್ಯಾಸವನ್ನು ಕೂಲಿಯವರು, ಅವರೊಂದಿಗೆ ಮಂಡಿನೋವಿನ ಹಿರಿಯರು, ಬೇಸಿಗೆಯಲ್ಲಾದರೂ ಬಿಡುವುದು ಒಳ್ಳೆಯದು. ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಕೆಲವು ಮಾತ್ರೆಗಳು, ಮೂತ್ರ ಹೆಚ್ಚಿಸುವ ಮಾತ್ರೆಗಳು, ಸಕ್ಕರೆ ಕಾಯಿಲೆಯ ಕೆಲವು ಹೊಸ ಮಾತ್ರೆಗಳು ಕೂಡ ವಾಂತಿಭೇದಿಯ ಸಮಯದಲ್ಲಿ ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ. ಅವನ್ನು ತಾವೇ ನಿಲ್ಲಿಸದೆ, ಅಂಥ ದಿನಗಳಲ್ಲಿ ಏನು ಮಾಡಬೇಕೆಂದು ವೈದ್ಯರಿಂದ ಮೊದಲೇ ಕೇಳಿ ಬರೆಸಿಟ್ಟುಕೊಳ್ಳಬೇಕು.

ನೀರು ಕಡಿಮೆ ಕುಡಿದರೆ ಕಲ್ಲು ಬರುತ್ತದೆಯೇ?

ಬರುತ್ತದೆ, ಒಮ್ಮೆ ಬಂದವರಿಗೆ ಮರಳಿಯೂ ಬರುತ್ತದೆ. ಇಟಲಿಯಲ್ಲಿ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ಬಾರಿ ಕಲ್ಲು ಬಂದವರ ಪೈಕಿ ಹೆಚ್ಚು ನೀರು ಕುಡಿದವರಲ್ಲಿ ಐದು ವರ್ಷಗಳೊಳಗೆ ಶೇಕಡ 12 ಮಂದಿಗೆ, ಎಂದಿನಂತೆ ಇದ್ದವರಲ್ಲಿ ಶೇಕಡ 27 ಮಂದಿಗೆ ಕಲ್ಲು ಮರುಕಳಿಸಿತು. ಲೆಕ್ಕ ಇಡಬೇಕಾದದ್ದು ಕುಡಿದ ನೀರಿಗಿಂತ ಹೆಚ್ಚಾಗಿ ಹೋದ ಮೂತ್ರವನ್ನು; ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಹೋಗುವಂತಿರಬೇಕು. ಬಾಳೆದಿಂಡಿನ ಪಲ್ಯವನ್ನೋ ರಸವನ್ನೋ ಬಳಸುವುದಕ್ಕೆ ಅಡ್ಡಿಯಿಲ್ಲ, ಅದನ್ನು ನಂಬಿ ನೀರು ಬಿಡುವಂತಿಲ್ಲ.

ಮಿದುಳಿನ ಮೇಲೆ ಆಗುವ ಪರಿಣಾಮ ಉಳಿಯುತ್ತದೆಯೇ?

ನೀರು ಹೋಗಿ ಉಪ್ಪಿನಂಶ ಉಳಿದಾಗ ರಕ್ತದ ಸೋಡಿಯಂ ಏರುತ್ತದೆ. ಸಹಜವಾಗಿ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕಾದದ್ದು 160ನ್ನು ದಾಟಿದರೆ ಮಿದುಳಿನ ಜೀವಕೋಶಗಳಿಂದ ನೀರು ಹೊರಬಂದು ಮಿದುಳು ಕುಗ್ಗುತ್ತದೆ, ತಲೆಬುರುಡೆಗೂ ಮಿದುಳಿಗೂ ನಡುವಿನ ಸಣ್ಣ ರಕ್ತನಾಳಗಳು ಜಗ್ಗಿ ಹರಿಯಬಹುದು. ಗೊಂದಲ, ಬಡಬಡಿಕೆ, ಫಿಟ್ಸ್, ಪ್ರಜ್ಞೆ ತಪ್ಪುವುದು ಇದರ ಲಕ್ಷಣಗಳು. ಹಲವರು ಪೂರ್ತಿ ಚೇತರಿಸಿಕೊಂಡರೂ ರಕ್ತಸ್ರಾವವೋ ರಕ್ತನಾಳದಲ್ಲಿ ಹೆಪ್ಪೋ ಆಗಿದ್ದವರಲ್ಲಿ ಫಿಟ್ಸ್ ಕಾಯಿಲೆ, ಒಂದು ಕೈಕಾಲಿನ ಬಲಹೀನತೆ, ನೆನಪಿನ ಕೊರತೆ ಉಳಿಯಬಹುದು. ನೀರಿನ ಕೊರತೆಯ ಜೊತೆಗೆ ಬಿಸಿಲಾಘಾತವೂ ಸೇರಿ ಒಳಮೈಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಿದ್ದರೆ ಮೈಯ ಸಮತೋಲವನ್ನು ನೋಡಿಕೊಳ್ಳುವ ಕಿರುಮಿದುಳಿಗೆ ಹೆಚ್ಚು ಪೆಟ್ಟು ಬೀಳುತ್ತದೆ. ಅಂಥವರು ಬದುಕಿಕೊಂಡ ಮೇಲೂ ನಡೆಯುವಾಗ ತೂರಾಡುವುದು, ಮಾತು ತೊದಲುವುದು ಕಾಣುತ್ತದೆ. ಪರಿಚಯವಿಲ್ಲದವರು ಇದನ್ನು ಕುಡಿತವೆಂದು ತಿಳಿಯುವುದೂ ಉಂಟು.

ಬಾಣಂತಿಗೆ ನೀರು ಕೊಡಬಾರದು ಎಂದು ಹಿರಿಯರು ಹೇಳುತ್ತಾರೆ. ಸರಿಯೇ?

ಸರಿಯಲ್ಲ. ಈ ಬರಹದಲ್ಲಿ ಒಂದೇ ಉತ್ತರವನ್ನು ಓದಲು ನಿಮಗೆ ಬಿಡುವಿದ್ದರೆ ಇದನ್ನು ಓದಿ. ನೀರು ಕುಡಿದರೆ ಹೊಟ್ಟೆ ಜೋಲು ಬೀಳುತ್ತದೆ, ನಂಜಾಗುತ್ತದೆ, ಕೂಸಿಗೆ ಶೀತವಾಗುತ್ತದೆ ಎಂಬ ನಂಬಿಕೆಯಿಂದ ನಮ್ಮ ಸೀಮೆಯ ಹಲವು ಮನೆಗಳಲ್ಲಿ ಹೆರಿಗೆಯಾದವಳಿಗೆ ದಿನಕ್ಕೆ ಒಂದೆರಡು ಲೋಟ ಕಾದಾರಿದ ನೀರನ್ನು ಮಾತ್ರ ಕೊಡುವ ಪದ್ಧತಿ ಇದೆ. ಅದರ ಮೇಲೆ ಕಿಟಕಿ ಮುಚ್ಚಿದ ಕೋಣೆ, ಕಿವಿಗೆ ಸುತ್ತಿದ ಬಟ್ಟೆ, ಸುಡುಸುಡು ಎಣ್ಣೆನೀರು, ಹೊಗೆ. ಇವೆಲ್ಲ ಸೇರಿ ಬೆವರಿನಲ್ಲೂ ನೀರು ಹೋಗುತ್ತದೆ. ಎದೆಹಾಲು ಚೆನ್ನಾಗಿ ಬರುತ್ತಿರುವ ತಾಯಿಯ ದೇಹದಿಂದ ಹಾಲಿನ ರೂಪದಲ್ಲಿಯೇ ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ಹೊರಹೋಗುತ್ತದೆ ಎಂಬುದನ್ನು ಈ ಲೆಕ್ಕಕ್ಕೆ ಸೇರಿಸಬೇಕು.

ಹೆರಿಗೆಯ ರಕ್ತಸ್ರಾವ ನಿಲ್ಲಲೆಂದು ಪ್ರಕೃತಿ ಗರ್ಭಿಣಿ ಮತ್ತು ಬಾಣಂತಿಯರ ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಮಾಡಿರುತ್ತದೆ. ಹೆರಿಗೆಯ ನಂತರದ ಸುಮಾರು ಆರು ವಾರ ಈ ಗುಣ ಉಳಿದಿರುತ್ತದೆ. ಅಂಥ ರಕ್ತ ನೀರಿಲ್ಲದೆ ಇನ್ನಷ್ಟು ಮಂದವಾದರೆ, ಜೊತೆಗೆ ರಕ್ತಹೀನತೆಯೂ ಇದ್ದರೆ, ಮಿದುಳಿನಿಂದ ರಕ್ತವನ್ನು ಹಿಂದಕ್ಕೆ ಒಯ್ಯುವ ಸಿರೆಗಳಲ್ಲಿ ಹೆಪ್ಪುಗಟ್ಟಬಹುದು. ಬಾಣಂತನದ ಈ ಕಾಯಿಲೆ ಭಾರತದಲ್ಲಿ ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು ಕಂಡುಬಂದಿದೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರವೈದ್ಯರು ದಶಕಗಳಿಂದ ಇದನ್ನು ದಾಖಲಿಸುತ್ತ ಬಂದಿದ್ದಾರೆ. ದಿನದಿನಕ್ಕೂ ಏರುವ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು ಇದರ ಲಕ್ಷಣ. ಫಿಟ್ಸ್ ಬಂದೊಡನೆ ಗಾಳಿ ಸೋಂಕಿತೆಂದು ಯಂತ್ರ ಕಟ್ಟಿಸಲು ಹೊರಟರೆ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಬೇಗ ಸ್ಕ್ಯಾನ್ ಮಾಡಿಸಿ ಹೆಪ್ಪು ಕರಗಲು ನೆರವಾಗುವ ಚಿಕಿತ್ಸೆ ಆರಂಭಿಸಿದರೆ ಹೆಚ್ಚಿನವರು ಗುಣಮುಖರಾಗುತ್ತಾರೆ. ತಡವಾದವರಲ್ಲಿ ದೃಷ್ಟಿಹಾನಿ, ಫಿಟ್ಸ್, ಪಾರ್ಶ್ವವಾಯು ಜೀವನಪರ್ಯಂತ ಉಳಿಯಬಹುದು. ಬಾಣಂತಿಯ ಮೆಣಸಿನ ಸಾರು, ಬೆಳ್ಳುಳ್ಳಿ, ಕಾಯ ಇವುಗಳ ಬಗ್ಗೆ ಯಾರ ತಕರಾರೂ ಇಲ್ಲ; ಬಿಸಿನೀರೇ ಆಗಲಿ, ಕೇಳಿದಷ್ಟು ಕೊಡಬೇಕು, ಕೇಳದಿದ್ದರೂ ಪ್ರತಿ ಸಲ ಹಾಲೂಡಿಸುವಾಗ ಒಂದು ಲೋಟ ಕೈಗಿಡಬೇಕು.

ಹಸುಗೂಸಿಗೆ ಬೇಸಿಗೆಯಲ್ಲಿ ನೀರು ಕುಡಿಸಬೇಕೇ?

ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು, ಬೇಸಿಗೆಯಲ್ಲೂ ಸಾಕು. ಎದೆಹಾಲೇ ಸರಿಯಾಗಿ ಸಿಗದಿರುವುದು ನಿಜವಾದ ಅಪಾಯ. ಚೊಚ್ಚಲ ಬಾಣಂತಿಯ ಕೂಸು ಸದ್ದಿಲ್ಲದೆ ಮಲಗಿರುವುದನ್ನು ಕಂಡು ಸಾಧು ಮಗು ಎಂದು ಮೆಚ್ಚಿಕೊಳ್ಳುವ ಹೊತ್ತಿನಲ್ಲಿ ಅದರ ಸೋಡಿಯಂ ಏರುತ್ತಿರಬಹುದು. ಮೊದಲ ವಾರದಲ್ಲಿ ಹುಟ್ಟುತೂಕದ ಶೇಕಡ 10ಕ್ಕಿಂತ ಹೆಚ್ಚು ಇಳಿದರೆ, ಉಚ್ಚೆ ಹೊಯ್ಯುವುದು ಕಡಿಮೆಯಾದರೆ, ನೆತ್ತಿ ಕುಳಿಬಿದ್ದರೆ ತಕ್ಷಣ ತೋರಿಸಬೇಕು. ತೀವ್ರವಾಗಿ ನೀರಿಳಿದ ಕೂಸುಗಳಲ್ಲಿ ಮಿದುಳಿನ ರಕ್ತಸ್ರಾವ, ಹೆಪ್ಪು, ಅಪರೂಪಕ್ಕೆ ಬೆರಳುಗಳಿಗೆ ರಕ್ತ ಹರಿಯದೆ ಕೊಳೆಯುವುದು ಕೂಡ ಆಗುತ್ತದೆ. ಬದುಕಿದ ಮಕ್ಕಳ ಬೆಳವಣಿಗೆಯನ್ನು, ಅಂದರೆ ಕತ್ತು ನಿಲ್ಲುವುದು, ಕೂರುವುದು, ನಡೆಯುವುದು, ಮಾತು ಇವೆಲ್ಲ ಸಕಾಲಕ್ಕೆ ಆಗುತ್ತಿವೆಯೇ ಎಂಬುದನ್ನು ಮಕ್ಕಳ ವೈದ್ಯರು ಒಂದೆರಡು ವರ್ಷ ನೋಡುತ್ತಿರಬೇಕು.

ಹಿರಿಯರಿಗೆ ಬಾಯಾರಿಕೆ ಕಡಿಮೆಯೇ?

ಕಡಿಮೆ. 1984ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, 24 ಗಂಟೆ ನೀರು ಬಿಟ್ಟ ಆರೋಗ್ಯವಂತ ವೃದ್ಧರು ಯುವಕರಿಗಿಂತ ಕಡಿಮೆ ಬಾಯಾರಿಕೆಯನ್ನು ಹೇಳಿಕೊಂಡರು, ಮುಂದೆ ನೀರು ಇಟ್ಟಾಗಲೂ ಕಡಿಮೆಯೇ ಕುಡಿದರು. ಅದರ ಜೊತೆಗೆ ರಾತ್ರಿ ಬಚ್ಚಲಿಗೆ ಏಳಬೇಕಲ್ಲ ಎಂಬ ಅಂಜಿಕೆಯಿಂದ ಸಂಜೆಯ ಮೇಲೆ ನೀರನ್ನೇ ಮುಟ್ಟದವರು ಎಷ್ಟೋ ಮಂದಿ. ನೀರಿಳಿದು ಗೊಂದಲಕ್ಕೆ ಒಳಗಾಗಿ ಆಸ್ಪತ್ರೆ ಸೇರಿದ ವೃದ್ಧರಲ್ಲಿ ಕೆಲವರು ಮೊದಲಿನ ಚುರುಕಿಗೆ ಮರಳುವುದೇ ಇಲ್ಲ. ಮರೆವು ಮೊದಲೇ ಸ್ವಲ್ಪ ಇದ್ದವರಲ್ಲಿ ಅದು ಒಂದು ಮೆಟ್ಟಿಲು ಕೆಳಗಿಳಿದಂತಾಗುತ್ತದೆ. ಹಗಲಿನಲ್ಲೇ ಹೆಚ್ಚು ಕುಡಿಸಿ, ಸಂಜೆ ಕಡಿಮೆ ಮಾಡಿ, ಮಂಚದ ಬಳಿ ದೀಪವನ್ನೂ ಹಿಡಿದುಕೊಳ್ಳಲು ಆಸರೆಯನ್ನೂ ಮಾಡಿಕೊಟ್ಟರೆ ಅರ್ಧ ಸಮಸ್ಯೆ ತೀರುತ್ತದೆ. ಹೃದಯ ವೈಫಲ್ಯವಿದ್ದು ನೀರಿಗೆ ಮಿತಿ ಹಾಕಿಸಿಕೊಂಡವರು ಮಾತ್ರ ವೈದ್ಯರ ಅಳತೆಯನ್ನೇ ಪಾಲಿಸಬೇಕು.

ಶಾಲೆಯಲ್ಲಿ ಹೆಣ್ಣುಮಕ್ಕಳು ನೀರು ಕುಡಿಯದೆ ಇರುವುದರಿಂದ ಏನಾಗುತ್ತದೆ?

ಶೌಚಾಲಯ ಹೊಲಸಾಗಿದೆ, ಬಾಗಿಲಿಗೆ ಚಿಲಕವಿಲ್ಲ ಎಂದು ಬೆಳಗಿನಿಂದ ಸಂಜೆಯವರೆಗೆ ತಡೆದುಕೊಳ್ಳುವ ಹುಡುಗಿಯರಲ್ಲಿ ಉರಿಮೂತ್ರ, ಮಲಬದ್ಧತೆ, ತಲೆನೋವು ಮಾಮೂಲಾಗುತ್ತವೆ. ಬಸ್ಸಿನಲ್ಲಿ ದೂರದಿಂದ ಓಡಾಡುವ ಗಾರ್ಮೆಂಟ್ಸ್ ಕೆಲಸದ ಹೆಂಗಸರದ್ದೂ ಇದೇ ಪಾಡು. ಮೂತ್ರದ ಸೋಂಕು ಪದೇ ಪದೇ ಮೂತ್ರಪಿಂಡದವರೆಗೆ ಏರಿದರೆ ಅಲ್ಲಿಯೂ ಕಲೆ ಉಳಿಯುತ್ತದೆ. ನೀರು ಕುಡಿಯಿರಿ ಎಂದು ಹುಡುಗಿಯರಿಗೆ ಉಪದೇಶ ಮಾಡುವ ಮೊದಲು ಚಿಲಕ ಹಾಕಿಸುವುದು ಒಳ್ಳೆಯದು.

ನಿರ್ಜಲ ಏಕಾದಶಿ ಅಥವಾ ರಂಜಾನ್ ಉಪವಾಸದಿಂದ ಶಾಶ್ವತ ಹಾನಿಯಾಗುವುದೇ?

ಆರೋಗ್ಯವಂತರಿಗೆ ಆಗುವುದಿಲ್ಲ, ಬಿಸಿಲಿನ ದುಡಿಮೆ ಆ ದಿನ ಇಲ್ಲದಿದ್ದರೆ. ಮೂತ್ರಪಿಂಡಕ್ಕೆ ಹಿಂದೆ ಪೆಟ್ಟು ಬಿದ್ದವರು, ಕಲ್ಲಿನ ತೊಂದರೆಯವರು, ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ನೀರು ಬಿಡಬಾರದು.

ಸ್ನಾಯು, ಯಕೃತ್ತು, ಕರುಳುಗಳಿಗೆ ತೊಂದರೆಯಾಗುವುದಿಲ್ಲವೇ?

ಆಗುತ್ತದೆ, ಸಾಮಾನ್ಯವಾಗಿ ವಾಸಿಯೂ ಆಗುತ್ತದೆ. ಬಿಸಿಲಿನಲ್ಲಿ ವಿಪರೀತ ದುಡಿದು ಸ್ನಾಯು ಕರಗಿದಾಗ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಸ್ನಾಯುವಿನಿಂದ ಬಂದ ಬಣ್ಣದ ಪ್ರೋಟೀನು ಮೂತ್ರಪಿಂಡದ ನಾಳಗಳನ್ನು ಕಟ್ಟುವುದರಿಂದ ಇದು ತುರ್ತು ಸ್ಥಿತಿ. ಸ್ನಾಯು ವಾರಗಳಲ್ಲಿ ಬೆಳೆಯುತ್ತದೆ, ಮೂತ್ರಪಿಂಡದ ಕತೆಯನ್ನು ಮೇಲೆ ಹೇಳಿಯಾಗಿದೆ.

ಮನಸ್ಸಿನ ಮೇಲೆ?

ನೀರಿಲ್ಲದೆ ಸಾವಿನ ಹತ್ತಿರ ಹೋಗಿಬಂದವರಲ್ಲಿ ನಿದ್ದೆಗೆಡುವುದು, ಬೆಚ್ಚಿಬೀಳುವುದು, ತಲೆದಿಂಬಿನ ಬಳಿ ನೀರಿನ ಬಾಟಲಿಗಳನ್ನು ಕೂಡಿಡುವುದು ತಿಂಗಳುಗಟ್ಟಲೆ ಇರಬಹುದು. ಇದನ್ನು ಮನೆಯವರು ಹಾಸ್ಯ ಮಾಡದೆ, ಒಂದು ತಿಂಗಳು ಮೀರಿದರೆ ಮನೋವೈದ್ಯರಿಗೆ ತೋರಿಸುವುದು ಸರಿ.

ಎಳನೀರು, ಮಜ್ಜಿಗೆ, ಕಬ್ಬಿನ ಹಾಲು, ಓಆರ್‌ಎಸ್: ಯಾವುದು ಒಳ್ಳೆಯದು?

ವಾಂತಿಭೇದಿಯಿಂದ ನೀರಿಳಿದಾಗ ಓಆರ್‌ಎಸ್‌ಗೆ, ಅಂದರೆ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು ಸಕ್ಕರೆಯ ಪುಡಿಗೆ, ಸಾಟಿಯಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಲನಾಬಿಸ್ ಇದನ್ನೇ ಡ್ರಮ್ಮುಗಳಲ್ಲಿ ಕಲಸಿ ಹಂಚಿ ಸಾವುಗಳನ್ನು ಬಹುವಾಗಿ ತಗ್ಗಿಸಿದರು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಿಗುವ ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೇ ಕಲಸಬೇಕು. ಬೇಗ ಗುಣವಾಗಲೆಂದು ಒಂದು ಲೋಟಕ್ಕೆ ಸುರಿದುಕೊಟ್ಟರೆ ಉಪ್ಪು ಹೆಚ್ಚಾಗಿ ಮಗುವಿನ ಮಿದುಳಿಗೇ ಕುತ್ತು. ಪೊಟ್ಟಣವಿಲ್ಲದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಪಾಟ ಟೀ ಚಮಚ ಸಕ್ಕರೆ, ಅರ್ಧ ಸಪಾಟ ಚಮಚ ಉಪ್ಪು.

ಉಪ್ಪು ಹಾಕಿದ ನೀರು ಮಜ್ಜಿಗೆ, ರಾಗಿ ಅಂಬಲಿ, ಗಂಜಿ ಇವು ಗದ್ದೆ ಕೆಲಸದವರಿಗೆ ಹೇಳಿಮಾಡಿಸಿದಂಥವು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಆರೋಗ್ಯವಂತರು ಮದ್ದೂರಿನ ಎಳನೀರನ್ನು ಸಂತೋಷವಾಗಿ ಕುಡಿಯಲಿ. ಮೂತ್ರಪಿಂಡ ಸೋತು ಮೂತ್ರವೇ ಸರಿಯಾಗಿ ಹೋಗದವರಿಗೆ ತಂಪೆಂದು ಎರಡು ಮೂರು ಎಳನೀರು ಕುಡಿಸಿದರೆ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರು ಎಳನೀರು ಹಿಡಿದುಹೋಗುವ ಪದ್ಧತಿ ಇರುವ ಊರಿನಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಕಬ್ಬಿನ ಹಾಲು ಮತ್ತು ಸಿಹಿ ಸೋಡಾಗಳನ್ನು ಬಾಯಾರಿಕೆಯ ಮುಖ್ಯ ಪರಿಹಾರವಾಗಿ ಬಳಸಬಾರದು. ನೀರಿಳಿದ ಇಲಿಗಳಿಗೆ ಸಿಹಿ ಪಾನೀಯ ಕೊಟ್ಟ ಪ್ರಯೋಗಗಳಲ್ಲಿ ಅವುಗಳ ಮೂತ್ರಪಿಂಡದ ಹಾನಿ ಹೆಚ್ಚಾಯಿತು.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ನೆರಳಿಗೆ ಸಾಗಿಸಿ, ಮೈಗೆ ತಣ್ಣೀರು ಹಾಕಿ ಬೀಸುತ್ತ 108ಕ್ಕೆ ಕರೆಮಾಡಬೇಕು.

ಎರಡು ಬಾಟಲಿ ಗ್ಲೂಕೋಸ್ ಬೇಗ ಬೇಗ ಹಾಕಿಸಿದರೆ ಬೇಗ ಗುಣವಾಗುವುದಿಲ್ಲವೇ?

ರಕ್ತದೊತ್ತಡ ಕುಸಿದಿದ್ದರೆ ವೈದ್ಯರೇ ಮೊದಲು ಉಪ್ಪುನೀರಿನ ಡ್ರಿಪ್ಪನ್ನು ವೇಗವಾಗಿ ಕೊಡುತ್ತಾರೆ. ಆದರೆ ಹಲವು ದಿನಗಳಿಂದ ಸೋಡಿಯಂ ಏರಿದ್ದವರಲ್ಲಿ ಅದನ್ನು ನಿಧಾನವಾಗಿ, ದಿನಕ್ಕೆ ಸುಮಾರು 10ರಿಂದ 12 ಮಿಲಿಮೋಲ್ ಮೀರದಂತೆ ಇಳಿಸುವುದು ರೂಢಿಯಲ್ಲಿರುವ ಎಚ್ಚರಿಕೆ. ಅದರಲ್ಲೂ ಕೂಸುಗಳಲ್ಲಿ ಆತುರ ಮಾಡಿದರೆ ನೀರು ಮಿದುಳಿನ ಜೀವಕೋಶಗಳೊಳಗೆ ನುಗ್ಗಿ ಮಿದುಳು ಬಾತುಕೊಳ್ಳುತ್ತದೆ. ಎರಡು ದಿನವಾದರೂ ಇನ್ನೂ ಬಿಟ್ಟುಕಳಿಸಲಿಲ್ಲವೆಂದು ವಾರ್ಡಿನಲ್ಲಿ ಜಗಳಕ್ಕೆ ನಿಲ್ಲುವವರಿಗೆ ಇದು ತಿಳಿದಿರಲಿ.

ಇನ್ನು ಮುಂದೆ ದಿನಕ್ಕೆ ಐದಾರು ಲೀಟರ್ ನೀರು ಕುಡಿದರೆ ಕಿಡ್ನಿ ಮೊದಲಿನಂತಾಗುವುದೇ?

ಆಗುವುದಿಲ್ಲ. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯವರಿಗೆ ಹೆಚ್ಚು ನೀರು ಕುಡಿಯಲು ಹೇಳಿಕೊಟ್ಟು ಒಂದು ವರ್ಷ ಗಮನಿಸಿದರೂ ಕಾಯಿಲೆಯ ವೇಗ ಕಡಿಮೆಯಾಗಲಿಲ್ಲ. ಕೊರತೆಯಾಗದಂತೆ ನೋಡಿಕೊಳ್ಳುವುದು ಬೇರೆ, ಮಿತಿಮೀರಿ ಕುಡಿಯುವುದು ಬೇರೆ. ಅತಿಯಾದರೆ ಸೋಡಿಯಂ ಕುಸಿದು ಮತ್ತೊಂದು ಬಗೆಯ ಗೊಂದಲವೂ ಫಿಟ್ಸೂ ಬರುತ್ತವೆ. ಮೂತ್ರ ತಿಳಿ ಹಳದಿಯಾಗಿರುವಷ್ಟು ಕುಡಿದರೆ ಸಾಕು.

ಆಸ್ಪತ್ರೆಯಿಂದ ಬಂದ ಮೇಲೆ ಯಾವ ಪರೀಕ್ಷೆಗಳನ್ನು ಯಾವಾಗ ಮಾಡಿಸಬೇಕು? ಕೆಲಸಕ್ಕೆ ಯಾವಾಗ ಹೋಗಬಹುದು?

ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದರೆ ಒಂದೆರಡು ವಾರಗಳಲ್ಲಿ ಒಮ್ಮೆ, ಮೂರು ತಿಂಗಳಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು. ಮೂರು ತಿಂಗಳಿನದನ್ನು ತಪ್ಪಿಸುವಂತೆಯೇ ಇಲ್ಲ. ಬೇಕಾದದ್ದು ಮೂರೇ: ರಕ್ತದ ಕ್ರಿಯಾಟಿನಿನ್ ಮತ್ತು ಅದರಿಂದ ಲೆಕ್ಕಹಾಕುವ ಇಜಿಎಫ್‌ಆರ್ (ಮೂತ್ರಪಿಂಡ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂಬ ಅಂದಾಜು), ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು, ರಕ್ತದೊತ್ತಡ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಗಳಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಗಳು ದೊರೆಯುತ್ತವೆ. ಮೂರು ತಿಂಗಳ ನಂತರವೂ ಇಜಿಎಫ್‌ಆರ್ 60ಕ್ಕಿಂತ ಕೆಳಗಿದ್ದರೆ, ಅಥವಾ ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದ್ದರೆ ಮೂತ್ರಪಿಂಡ ತಜ್ಞರನ್ನು ಕಾಣಬೇಕು. ಎಲ್ಲವೂ ಸರಿಯಿದ್ದರೂ ವರ್ಷಕ್ಕೊಮ್ಮೆ ನೋಡಿಸಿಕೊಳ್ಳುವುದು ಲೇಸು, ಏಕೆಂದರೆ ಮೂತ್ರಪಿಂಡದ ಕೆಲಸ ಅರ್ಧಕ್ಕೆ ಇಳಿಯುವವರೆಗೂ ದೇಹಕ್ಕೆ ಏನೂ ಅನ್ನಿಸುವುದಿಲ್ಲ.

ಕೆಲಸದ ವಿಷಯದಲ್ಲಿ, ಕ್ರಿಯಾಟಿನಿನ್ ಸಹಜಕ್ಕೆ ಬಂದ ಮೇಲೆಯೇ ಬಿಸಿಲಿನ ಕೆಲಸಕ್ಕೆ ಮರಳಬೇಕು. ಹೋದ ಮೊದಲ ದಿನವೇ ಇಡೀ ದಿನ ದುಡಿಯದೆ, ಒಂದೆರಡು ವಾರಗಳಲ್ಲಿ ಹಂತಹಂತವಾಗಿ ಹೊತ್ತನ್ನು ಹೆಚ್ಚಿಸಿಕೊಂಡರೆ ದೇಹ ಬಿಸಿಲಿಗೆ ಮತ್ತೆ ಒಗ್ಗಿಕೊಳ್ಳುತ್ತದೆ. ಒಮ್ಮೆ ಬಿಸಿಲಾಘಾತವಾದವರು ಆ ಬೇಸಿಗೆ ಮುಗಿಯುವವರೆಗೆ ನಡುಹಗಲಿನ ಕೆಲಸವನ್ನು ಒಪ್ಪಿಕೊಳ್ಳದಿರುವುದು ಒಳ್ಳೆಯದು. ಪರೀಕ್ಷೆಯ ಚೀಟಿಗಳನ್ನು ಒಂದೇ ಕವರಿನಲ್ಲಿ ಇಟ್ಟುಕೊಂಡಿರಿ. ಮುಂದಿನ ವೈದ್ಯರಿಗೆ ಹಳೆಯ ಕ್ರಿಯಾಟಿನಿನ್ ಸಂಖ್ಯೆ ಸಿಕ್ಕರೆ ಇಂದಿನದು ಹೊಸ ಪೆಟ್ಟೋ ಹಳೆಯದರ ಉಳಿಕೆಯೋ ಎಂದು ಹೇಳುವುದು ಸುಲಭವಾಗುತ್ತದೆ.